ಥೇಮ್ಸ್ ದಂಡೀಗುಂಟ ಮೂರು ದಿನ

— ಅಕ್ಕೋರ, ಈ ಹಾಳಿ ಒಮ್ಮೆ ನೋಡ್ರಿ. ಪ್ರವಾಸದ ಏಜೆಂಟ್ ಒಬ್ಬಾಂವ ಬರದು ಕೊಟ್ಟಾನ. ಮೂರು ದಿನದಾಗ ಲಂಡನ್ನಿನ ಇಪ್ಪತ್ತೆರಡು ಜಾಗಾ ತೋರಸ್ತಾರಂತ. ನೀವು ಮಗನ ಕಡೆ ಹೋಗಿ ಇದ್ದು ಬಂದವರು, ಸಾಲ್ಯಾಗ ನಮಗ ಇತಿಹಾಸ ಹೇಳಿದವರು. ಇದು ಸರಿ ಐತೇನು, ಹೇಳ್ರಿ.

— ಕುಂದರು ತಮ್ಮಾ. ಮಗಳ ಪದವಿ ಸಮಾರಂಭ ಯಾವಾಗ?

— ಜುಲೈದಾಗ, ಲೀಡ್ಸ್ ಊರಾಗ. ಅದು ಮುಗಿಸಿ ಗುರುವಾರ ರಾತ್ರಿ ರೈಲಿಗೆ ಲಂಡನ್ನಿಗೆ ಬರತೀವಿ, ನಾನೂ ನಮ್ಮಾಕೀನೂ. ಶುಕ್ರವಾರ, ಶನಿವಾರ, ರವಿವಾರ ಅಲ್ಲಿರೂದು. ಸೋಮವಾರ ಮುಂಜಾನೆ ವಿಮಾನ.

— ಜುಲೈ ಚಲೋ. ಆಗ ಅಲ್ಲಿ ಹೊತ್ತು ಮುಳುಗೂದು ರಾತ್ರಿ ಒಂಬತ್ತು ದಾಟಿದ ಮ್ಯಾಲೆ. ಡಿಸೆಂಬರದಾಗ ಹೋದವರಿಗೆ ಸಂಜಿ ನಾಲ್ಕಕ್ಕ ಕತ್ತಲಿ. ಅವರಿಗೆ ಆರು ದಿನದಾಗ ಸಿಗೂ ಬೆಳಕು ನಿನಗ ಮೂರು ದಿನದಾಗ ಸಿಗತೈತಿ. ಅಷ್ಟು ಬೆಳಕು ಇಟ್ಟುಕೊಂಡು ಬಸ್ಸಿನ ಕಿಡಕಿಯಿಂದ ಊರು ನೋಡಬ್ಯಾಡ. ಈ ಹಾಳ್ಯಾಗ ಬರದದ್ದು ಜಾಗಾ ಅಲ್ಲ, ಇಳಿಯೂದು ಏರೂದರ ಲೆಕ್ಕ. ಇದನ್ನ ಬಿಡು. ನದಿ ಹಿಡಿ.

— ನದಿ ಅಂದ್ರ?

— ಥೇಮ್ಸ್. ಎರಡು ಸಾವಿರ ವರ್ಷದ ಹಿಂದ ರೋಮನ್ನರು ಆ ದಂಡಿ ಮ್ಯಾಲೆ ಲಂಡಿನಿಯಂ ಅಂತ ಊರು ಕಟ್ಟಿದರು. ಕ್ವಾಟಿ, ಅರಮನಿ, ಸಂಸತ್ತು, ದೊಡ್ಡ ಚರ್ಚು, ವ್ಯಾಪಾರದ ಕೋಠಿ ಎಲ್ಲಾ ಆ ನೀರಿಗೆ ಹತ್ತಿಕೊಂಡ ಬೆಳದಾವ. ದಂಡೀಗುಂಟ ನಡದರ ಅರ್ಧ ಲಂಡನ್ ತಾನ ನಿನ್ನ ಎದುರು ಬರತೈತಿ. ಮೊದಲನೇ ದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಚಾಲೂ ಮಾಡು. ಒಂದು ದಂಡಿಗೆ ಸಂಸತ್ತು, ಅದರ ಗಡಿಯಾರದ ಗೋಪುರ. ಬಿಗ್ ಬೆನ್ ಅಂತ ನಾವು ಗೋಪುರಕ್ಕ ಅಂತೀವಿ. ಆ ಹೆಸರು ಒಳಗಿನ ಗಂಟೀದು, ಹದಿಮೂರು ಟನ್ನಿಗಿಂತ ಹೆಚ್ಚು ತೂಕ ಐತಿ. 1834ರಾಗ ಹಳೇ ಸಂಸತ್ ಭವನ ಸುಟ್ಟು ಹೋತು. ಈಗಿಂದು ಆಮ್ಯಾಲೆ ಕಟ್ಟಿದ್ದು. ಬೆಂಕ್ಯಾಗ ಉಳದ ಹಳೇದಂದ್ರ ವೆಸ್ಟ್‌ಮಿನ್‌ಸ್ಟರ್ ಹಾಲ್, 1097ರದ್ದು. ಬಸವಣ್ಣ ಹುಟ್ಟೂದಕ್ಕಿಂತ ಮೊದಲಿನ ಕಟ್ಟಡ ಅದು.

— ಬಸವಣ್ಣನ ಮೂರ್ತಿ ಸಂಸತ್ತಿನ ಮುಂದ ಐತಂತಲ್ರಿ?

— ಹಂಗ ಹೇಳತಾರ, ಆದ್ರ ಸಂಸತ್ತಿನ ಬಾಗಲಾಗ ಹುಡುಕಿದರ ಸಿಗೂದಿಲ್ಲ. ಸೇತುವೆ ದಾಟಿ ಆಚೆ ದಂಡಿಗೆ ಹೋಗು. ಬಲಕ್ಕ ಹೊಳ್ಳಿ ನೀರಿಗೆ ಎದುರಾಗಿ, ಅಂದ್ರ ಹೊಳಿ ಬರೂ ದಿಕ್ಕಿಗೆ ನಡಿ. ಎಡಕ್ಕ ಸೇಂಟ್ ಥಾಮಸ್ ಆಸ್ಪತ್ರಿ. ಅದರ ಗ್ವಾಡಿ ಮ್ಯಾಲೆ ಉದ್ದಕ್ಕ ಕೆಂಪು ಹೃದಯದ ಚಿತ್ರ. ಕೋವಿಡ್ಡಿನಾಗ ಸತ್ತ ಒಬ್ಬೊಬ್ಬರಿಗೆ ಒಂದೊಂದು ಅಂತ 2021ರಾಗ ಅವರ ಮನಿ ಮಂದಿ ಬರೀಲಿಕ್ಕೆ ಚಾಲೂ ಮಾಡಿದರು. ಹೆಸರು ಬರದಾರ, ಅವ್ವಾ ಅಪ್ಪಾ ಅಂತ ಬರದಾರ. ಅಲ್ಲಿ ಜೋರ ಹೆಜ್ಜಿ ಹಾಕಬ್ಯಾಡ. ನಮ್ಮ ಹುಕ್ಕೇರಿ ತಾಲೂಕಿನ ಎಷ್ಟು ಮನ್ಯಾಗ ಆ ವರ್ಷ ಏನೇನಾತು, ನಿನಗೂ ಗೊತ್ತು ನನಗೂ ಗೊತ್ತು. ಅದು ದಾಟಿದ ಮ್ಯಾಲೆ ಲ್ಯಾಂಬೆತ್ ಅರಮನಿ, ಲ್ಯಾಂಬೆತ್ ಸೇತುವೆ. ಮುಂದ ವಾಕ್ಸ್‌ಹಾಲ್ ಕಡೆ ಹೋಗೂ ಹಾದ್ಯಾಗ ದಂಡಿ ಮ್ಯಾಲೆ ಗಿಡದ ನೆರಳಾಗ ಬಸವಣ್ಣ ಅದಾನ. 2015ರ ನವೆಂಬರ್ 14ಕ್ಕ ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಕಲಬುರ್ಗಿ ಕಡೆಯಿಂದ ಹೋಗಿ ಲ್ಯಾಂಬೆತ್‌ದ ಮೇಯರ್ ಆಗಿದ್ದ ಡಾಕ್ಟರ್ ನೀರಜ್ ಪಾಟೀಲರು ವರ್ಷಗಟ್ಟಲೆ ಹತ್ತಿ ಬಿದ್ದು ಮಾಡಿಸಿದ ಕೆಲಸ.

— ಅಲ್ಲಿ ಹೋಗಿ ಕೈ ಮುಗದು ಬರೂದು.

— ಮುಗಿ. ಆಮ್ಯಾಲೆ ಅರ್ಧ ತಾಸು ಕುಂದರು. ಅಲ್ಲಿಂದ ಹೊಳಿ ಆಚೆ, ಓರೆಯಾಗಿ, ಸಂಸತ್ತಿನ ಗೋಪುರದ ಕಡೆ ನೋಡು. ಅನುಭವ ಮಂಟಪ ಜಗತ್ತಿನ ಮೊದಲನೇ ಪಾರ್ಲಿಮೆಂಟು ಅಂತ ನಮ್ಮ ಮಂದಿ ಭಾಷಣದಾಗ ಹೇಳತಾರ. ನನಗ ಆ ಮಾತು ಸೇರೂದಿಲ್ಲ. ಅದು ಕಾನೂನು ಮಾಡೂ ಸಭೆ ಆಗಿರಲಿಲ್ಲ, ಅದರ ದೊಡ್ಡಸ್ತಿಕಿ ಬ್ಯಾರೇನ ಐತಿ. ಅಲ್ಲಮಪ್ರಭು ಹಿರಿತನದಾಗ ಅಕ್ಕಮಹಾದೇವಿ ಕುಂತು ವಾದ ಮಾಡಿದಳು, ಆಯ್ದಕ್ಕಿ ಲಕ್ಕಮ್ಮ ಗಂಡನಿಗೆ ಎದುರು ನಿಂತು ಸರಿ ತಪ್ಪು ಹೇಳಿದಳು. ಅದು ಹನ್ನೆರಡನೇ ಶತಮಾನ. ಎದುರಿಗೆ ಕಾಣೂ ಆ ಸಂಸತ್ತಿನ್ಯಾಗ ಒಬ್ಬ ಹೆಣಮಗಳು ಬಂದು ಕುಂತದ್ದು 1919ರಾಗ, ನ್ಯಾನ್ಸಿ ಆಸ್ಟರ್ ಅಂತ ಆಕಿ ಹೆಸರು. ಹೆಂಗಸರಿಗೆ ಮತದ ಹಕ್ಕು 1918ರಾಗ ಬಂತು, ಅದೂ ಮೂವತ್ತು ದಾಟಿದವರಿಗೆ. ಗಂಡಸರ ಸರಿಸಮ ಆಗೂದಕ್ಕ 1928 ಬೇಕಾತು. ಎರಡೂ ಕಡೆ ನೋಡಿಕೋತ ಇದನ್ನ ನಿನ್ನ ಮನಿಯಾಕೀಗೆ ಹೇಳು.

— ಅಕ್ಕೋರ, ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಬಸವಣ್ಣನ್ನ ನೋಡಾಕ ಕೂಡಲಸಂಗಮಕ್ಕ ಹೋಗಬಹುದು. ಲಕ್ಷಗಟ್ಟಲೆ ರೊಕ್ಕಾ ಹಾಕಿ ಲಂಡನ್ನಿಗೆ ಹೋಗಿ ನಮ್ಮದನ್ನ ನೋಡೂದಾದರ ಲಂಡನ್ ನೋಡಿದಂಗ ಹ್ಯಾಂಗ ಆತು?

— ಸಿಟ್ಟು ಯಾಕ, ಕೇಳಬೇಕಾದ ಮಾತು. ನಾ ನಿನಗ ಬರೇ ನಮ್ಮದು ನೋಡು ಅನ್ನವಲ್ಲೆ. ಅವರ ಊರಿಗೂ ನಮ್ಮ ಊರಿಗೂ ಗಂಟು ಬಿದ್ದ ಜಾಗಾ ಮೊದಲ ನೋಡು ಅನ್ನಾಕತ್ತೀನಿ. ಮೂರು ದಿನದಾಗ ಪೂರ್ತಿ ಲಂಡನ್ ಯಾರಿಗೂ ಸಿಗೂದಿಲ್ಲ, ಅಲ್ಲೇ ಹುಟ್ಟಿದವರಿಗೂ ಸಿಗೂದಿಲ್ಲ. ಒಂದು ಎಳಿ ಹಿಡದು ನಡದವರಿಗೆ ಅಷ್ಟರ ಸಿಗತೈತಿ. ಈಗ ನೋಡು, ಬಸವಣ್ಣನ ಮೂರ್ತಿ ಇರೂ ದಂಡಿ ಐತಲ್ಲ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್, ಅದು ತಾನಾಗಿ ಆದ ದಂಡಿ ಅಲ್ಲ. 1858ರ ಬ್ಯಾಸಗ್ಯಾಗ ಥೇಮ್ಸ್ ಎಷ್ಟು ನಾರಿತು ಅಂದ್ರ ಸಂಸತ್ತಿನ ಪರದೆಗೆ ಸುಣ್ಣದ ಔಷಧ ಹಚ್ಚಿ ತೂಗು ಹಾಕಿದರು, ಆದರೂ ಒಳಗ ಕುಂದರಾಕ ಆಗಲಿಲ್ಲ. ಊರ ಹೊಲಸೆಲ್ಲಾ ಹೊಳಿಗೆ ಬಿಡತಿದ್ದರು, ಅದ ನೀರು ಕುಡದು ಕಾಲರಾ ಬಂದು ಸಾವಿರಗಟ್ಟಲೆ ಮಂದಿ ಸತ್ತಿದ್ದರು. ಬಡವರ ಓಣಿ ನಾರೂವಾಗ ಕಾನೂನು ಆಗಲಿಲ್ಲ, ಮೂಗು ಸಂಸತ್ತಿಂದಾದಾಗ ಕೆಲವೇ ದಿನದಾಗ ಆತು. ಜೋಸೆಫ್ ಬ್ಯಾಜಲ್‌ಗೆಟ್ ಅನ್ನೂ ಎಂಜಿನಿಯರು ಊರ ತುಂಬ ನೆಲದಡಿ ಗಟಾರು ಕಟ್ಟಿದ, ಹೊಳಿ ಒತ್ತಿ ಕಲ್ಲಿನ ದಂಡಿ ಎಬ್ಬಿಸಿದ. ಆಲ್ಬರ್ಟ್ ದಂಡಿ ಮುಗದದ್ದು 1869ರಾಗ. ಆಚೆ ಕಡೆ ವಿಕ್ಟೋರಿಯಾ ದಂಡಿ ಹೊಟ್ಯಾಗ ಇವತ್ತೂ ಆ ಗಟಾರು ಐತಿ. ಘಟಪ್ರಭಾ, ಹಿರಣ್ಯಕೇಶಿ ದಂಡಿಮ್ಯಾಲೆ ಕಬ್ಬು ಬೆಳಿಯೂ ನೀನು ಇದನ್ನ ನೋಡದ ಬಂದರ ಏನು ನೋಡಿದಂಗಾತು? ಹೊಳಿ ಹಾಳು ಮಾಡಿದವರೂ ಅವರ, ಮತ್ತ ಮೀನು ಬಾಳೂವಂಗ ತಿರುಗಿ ತಂದವರೂ ಅವರ.

— ಒಪ್ಪಿದೆ. ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿಗೆ ಟಿಕೀಟು ಭಾಳ ಅಂತಾರ. ಹೋಗಬೇಕೋ ಬ್ಯಾಡೋ?

— ಮೂವತ್ತು ಪೌಂಡಿನ ಆಸುಪಾಸು ಐತಿ ಒಬ್ಬರಿಗೆ. ಆ ರೊಕ್ಕಕ್ಕ ತಕ್ಕ ಜಾಗಾ. 1066ರಿಂದ ಅವರ ರಾಜರಿಗೆ ಪಟ್ಟ ಕಟ್ಟೂದು ಅಲ್ಲೇ. ನ್ಯೂಟನ್, ಡಾರ್ವಿನ್ ಇಬ್ಬರ ಸಮಾಧಿ ಒಂದಕ್ಕೊಂದು ಹತ್ತಿರ ಅದಾವ. ನಿನಗ ನಾ ಹೇಳೂದು ಮಾತ್ರ ಕವಿಗಳ ಮೂಲಿ. ಅಲ್ಲಿ ಕಾದಂಬರಿಕಾರ ಥ್ಯಾಕರೆಯ ಎದೆಮೂರ್ತಿ ಐತಿ. ವಿಲಿಯಂ ಮೇಕ್‌ಪೀಸ್ ಥ್ಯಾಕರೆ.

— ಥ್ಯಾಕರೆ? ಕಿತ್ತೂರಾಗ ಸತ್ತಾಂವ?

— ಅವನ ಅಣ್ಣನ ಮಗ. ಕಿತ್ತೂರಿಗೆ ದಂಡು ತಂದಾಂವ ಸೇಂಟ್ ಜಾನ್ ಥ್ಯಾಕರೆ, ಧಾರವಾಡದ ಕಲೆಕ್ಟರು. ಕಿತ್ತೂರಿನ ಗಾದಿಯ ದತ್ತು ಮಗನ್ನ ಒಪ್ಪೂದಿಲ್ಲ, ಖಜಾನಿಗೆ ನಮ್ಮ ಮುದ್ರಿ ಬೀಳಬೇಕು ಅಂತ ಬಂದ. 1824ರ ಅಕ್ಟೋಬರ್ 23ಕ್ಕ ಕ್ವಾಟಿ ಬಾಗಲಾಗ ಬಿದ್ದ. ಅವನ ಅಣ್ಣ ರಿಚ್‌ಮಂಡ್ ಕಲ್ಕತ್ತಾದಾಗ ಈಸ್ಟ್ ಇಂಡಿಯಾ ಕಂಪನಿ ಚಾಕರಿ ಮಾಡತಿದ್ದ. ಅವನ ಮಗ 1811ರಾಗ ಅಲ್ಲೇ ಹುಟ್ಟಿ, ಸಣ್ಣಾವಿದ್ದಾಗ ಇಂಗ್ಲೆಂಡಿಗೆ ಹೋಗಿ, ದೊಡ್ಡ ಲೇಖಕ ಆದ. ಕಾಕಾ ಸತ್ತಾಗ ಅವನಿಗೆ ಹದಿಮೂರು ವರ್ಷ. ನಮಗ ರಾಣಿ ಚೆನ್ನಮ್ಮನ ಗೆಲುವು, ಅವರ ಮನ್ಯಾಗ ಅದು ಸೂತಕ. ಇತಿಹಾಸ ಕಲಿಸಿದಾಕಿ ನಾನು, ಪುಸ್ತಕದಾಗ ಈ ಎರಡು ಮಾತು ಒಂದ ಪುಟದಾಗ ಎಂದೂ ಬರಲಿಲ್ಲ. ಆ ಮೂರ್ತಿ ಮುಂದ ನಿಂತಾಗ ಒಂದಕ್ಕೊಂದು ಬಂದು ಕೂಡಿದವು.

— ನಿಮಗ ಸಿಟ್ಟು ಬರಲಿಲ್ಲೇನ್ರಿ?

— ಲೇಖಕನ ಮ್ಯಾಲೆ ಯಾಕ ಸಿಟ್ಟು? ಸಿಟ್ಟು ಬರೂ ಜಾಗಾ ಬ್ಯಾರೆ ಐತಿ. ಅದ ಶುಕ್ರವಾರ ಸಂಜಿಗೆ ಸೌತ್ ಕೆನ್ಸಿಂಗ್ಟನ್‌ಕ್ಕ ಹೋಗು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಜಿಯಂ. ಪುಕ್ಕಟೆ, ಶುಕ್ರವಾರ ರಾತ್ರಿ ಹತ್ತರತನಕ ತೆರದಿರತೈತಿ. ಅಲ್ಲಿ ಟಿಪ್ಪುವಿನ ಹುಲಿ ಐತಿ. ಕಟಗೀ ಹುಲಿ, ಅದರ ಅಡಿಗೆ ಬಿದ್ದ ಬಿಳೀ ಸೋಜರ. ಹುಲಿ ಹೊಟ್ಯಾಗ ತಿದಿ, ಕೊಳವಿ ಇಟ್ಟು ಹಿಡಿಕಿ ತಿರುವಿದರ ಹುಲಿ ಗುರ್ರನ್ನೂವಂಗ, ಮನಷಾ ನರಳೂವಂಗ ಮಾಡ್ಯಾರ. 1799ರ ಮೇ 4ಕ್ಕ ಶ್ರೀರಂಗಪಟ್ಟಣ ಬಿದ್ದ ಮ್ಯಾಲೆ ಲೂಟಿ ಜೋಡಿ ಅದೂ ಹೋತು. ಕಂಪನಿ ಕಚೇರ್‍ಯಾಗ ಇಟ್ಟಿದ್ದರು, ನೋಡಾಕ ಬಂದವರೆಲ್ಲಾ ಹಿಡಿಕಿ ತಿರುವಿ ತಿರುವಿ ಬಾಜೂಕಿನ ಗ್ರಂಥಾಲಯದಾಗ ಓದೂವವರಿಗೆ ಕುಂದರಗೊಡಲಿಲ್ಲಂತ. ಎರಡನೇ ಮಹಾಯುದ್ಧದಾಗ ಬಾಂಬಿಗೆ ಮುರದದ್ದನ್ನ ಚೂರು ಚೂರು ಕೂಡಿಸಿ ಮತ್ತ ನಿಲ್ಲಿಸ್ಯಾರ. ಈಗ ಗಾಜಿನ ಪೆಟಗಿ ಒಳಗ ಐತಿ. ಒಬ್ಬ ಅರಸ ತನ್ನ ಮನಿ ಒಳಗ ಇಟ್ಟುಕೊಂಡ ಸೇಡಿನ ಆಟಗಿ, ಗೆದ್ದವರ ಊರಾಗ ಮಕ್ಕಳು ನೋಡೂ ಸಾಮಾನು ಆಗೇತಿ. ಅಲ್ಲಿ ನನಗ ಸಿಟ್ಟು ಬಂತು. ಅಷ್ಟು ಜೋಪಾನ ಮಾಡಿದ್ದು ಕಂಡು ಬಾಯಿ ಕಟ್ಟಿತು. ಅದು ಮೈಸೂರಿಗೆ ಬರಬೇಕು ಅನ್ನೂದು ನನ್ನ ಮಾತು. ಬಂದರ ಅಷ್ಟ ಜೋಪಾನ ಮಾಡೂದು ನಮ್ಮ ಕೆಲಸ.

— ಹಂಗಾರ ಕೊಹಿನೂರು ಹೆಂಗ? ನಮ್ಮಾಕಿ ಅದನ್ನ ನೋಡಬೇಕಂತಾಳ. ಲಂಡನ್ ಐ ಅನ್ನೂ ಆ ದೊಡ್ಡ ಚಕ್ರನೂ ಹತ್ತಬೇಕಂತ.

— ಹತ್ತಲಿ! 135 ಮೀಟರು ಎತ್ತರ, ಒಂದು ಸುತ್ತಿಗೆ ಅರ್ಧ ತಾಸು. ಆಕಿ ಆಸೀನೂ ಪ್ರವಾಸದ ಭಾಗ. ವೆಸ್ಟ್‌ಮಿನ್‌ಸ್ಟರ್ ಸೇತುವೆ ಕಡೇನ ಐತಿ, ಬಸವಣ್ಣನ ಕಡೆ ಹೋಗೂ ಮುಂಚೆ ಹತ್ತಿ ಇಳೀರಿ. ಕೊಹಿನೂರು ಟವರ್ ಆಫ್ ಲಂಡನ್ ಕ್ವಾಟ್ಯಾಗ, ಮಹಾರಾಣಿಯ ಕಿರೀಟದಾಗ ಐತಿ. 1849ರಾಗ ಪಂಜಾಬ ಸೋತಾಗ ಹತ್ತು ವರ್ಷದ ಹುಡುಗ ದುಲೀಪ್ ಸಿಂಗನ ಕಡೆಯಿಂದ ಕರಾರಿನ ಮ್ಯಾಲೆ ಬರಸಿಕೊಂಡರು. 186 ಕ್ಯಾರೆಟ್ ಇದ್ದದ್ದನ್ನ ತಮ್ಮ ಕಣ್ಣಿಗೆ ಹೊಳಿಯೂವಂಗ ಕೊರದು 105ಕ್ಕ ಇಳಿಸಿದರು. ಅಲ್ಲಿ ನಿಲ್ಲಾಕ ಬಿಡೂದಿಲ್ಲ, ಜರಗೂ ಪಟ್ಟಿ ಮ್ಯಾಲೆ ನಿಂತು ಸರಕೋತ ನೋಡಬೇಕು. ಅದರ ಸಲುವಾಗಿ ಉದ್ದ ಪಾಳಿ ಹಚ್ಚೂದು ನನಗ ಸರಿ ಕಾಣೂದಿಲ್ಲ. ಒಳಗ ಹೋದರ ವೈಟ್ ಟವರ್ ನೋಡ್ರಿ. ಇಂಗ್ಲೆಂಡ್ ಗೆದ್ದ ವಿಲಿಯಂ ಕಟ್ಟಿಸಿದ್ದು, ಒಂಬತ್ತುನೂರು ವರ್ಷ ದಾಟಿದ ಕಲ್ಲು.

— ಅದು ಶನಿವಾರಕ್ಕ ಹಾಕಲೇನು?

— ಹಾಕು, ಆದ್ರ ಅಲ್ಲಿಗೆ ನಡಕೋತ ಹೋಗು. ಶನಿವಾರ ಮುಂಜಾನೆ ದಕ್ಷಿಣ ದಂಡಿಯಿಂದ ಮಿಲೇನಿಯಮ್ ಸೇತುವೆ ಹತ್ತು. ಅದು ಮಂದಿ ನಡ್ಯೂದಕ್ಕಷ್ಟ ಇರೂ ತೂಗು ಸೇತುವೆ. 2000ದ ಜೂನ್‌ದಾಗ ತೆರೆದರು, ಮಂದಿ ಕಾಲಿಟ್ಟ ಕೂಡಲೆ ಅಡ್ಡಡ್ಡ ತೂಗಿತು, ಎರಡು ದಿನಕ್ಕ ಮುಚ್ಚಿದರು. ಸೇತುವೆ ಚೂರು ಅಲಗಿದ ಕೂಡಲೆ ನಡಿಯೂ ಮಂದಿ ತೋಲ ಹಿಡ್ಯಾಕ ತಿಳೀದನ ಎಲ್ಲಾರೂ ಒಂದ ತಾಳಕ್ಕ ಹೆಜ್ಜಿ ಹಾಕತಾರ, ಅದರಿಂದ ತೂಗೂದು ಮತ್ತೂ ಹೆಚ್ಚಾಗತೈತಿ. ತೂಗು ತಡಿಯೂ ಯಂತ್ರ ಕೂಡಿಸಿ 2002ರಾಗ ಮತ್ತ ತೆರೆದರು. ಗೋಕಾಕ ಫಾಲ್ಸಿನ ತೂಗುಸೇತುವೆ ಮ್ಯಾಲೆ ಸಣ್ಣಾವಿದ್ದಾಗಿಂದ ನಡದಾಂವ ನೀನು, ಕಾಲಿಗೆ ತಾನ ತಿಳಿತೈತಿ.

— ಎದುರಿಗೆ ಸೇಂಟ್ ಪಾಲ್ ಚರ್ಚು ಕಾಣತೈತಿ ಅಂತ ಮಗಳು ಹೇಳ್ಯಾಳ.

— ಸೇತುವೆ ಇಳದರ ನೆಟ್ಟಗ ಅದಕ್ಕ ಹಾದಿ. 1666ರ ಬೆಂಕ್ಯಾಗ ಹಳೇ ಚರ್ಚು ಸುಟ್ಟ ಮ್ಯಾಲೆ ಕ್ರಿಸ್ಟೊಫರ್ ರೆನ್ ಕಟ್ಟಿದ್ದು; 1675ರಾಗ ಚಾಲೂ, 1710ರಾಗ ಮುಗೀತು. ನೆತ್ತಿ ತನಕ 111 ಮೀಟರು, ಹತ್ತಬೇಕಂದ್ರ 528 ಪಾವಟಿಗಿ. ಅದರ ಗುಮ್ಮಟದ ಗುಟ್ಟು ತಿಳಕೊಂಡು ನೋಡು. ಹೊರಗ ಕಾಣೂದು ಕಟಗೀ ಮ್ಯಾಲೆ ಸೀಸದ ತಗಡು ಹೊದಿಸಿದ್ದು. ಒಳಗ ನಿಂತು ಮ್ಯಾಲೆ ನೋಡಿದರ ಕಾಣೂದು ಬ್ಯಾರೆ ಗುಮ್ಮಟ. ಎರಡರ ನಡುವ ಕಣ್ಣಿಗೆ ಕಾಣದಂಗ ಇಟ್ಟಂಗಿಯ ಶಂಕು ಐತಿ, ನೆತ್ತಿ ಮ್ಯಾಲಿನ ಕಲ್ಲಿನ ಭಾರ ಹೊರೂದು ಅದ. ಈಗ ವಿಜಯಪುರಕ್ಕ ಬಾ. ಗೋಲಗುಮ್ಮಟ 1656ರದ್ದು, ರೆನ್ ಪಾಯಾ ಹಾಕೂದಕ್ಕಿಂತ ಮೊದಲ ಮುಗದದ್ದು. ಹೊರಗಿನ ಅಡ್ಡಳತೆ 44 ಮೀಟರು, ಸೇಂಟ್ ಪಾಲ್‌ದಕ್ಕಿಂತ ಅಗಲ. ನಡುವ ಒಂದೂ ಕಂಬ ಇಲ್ಲ, ಶಂಕು ಇಲ್ಲ, ಒಂದ ಗುಮ್ಮಟ, ಕೆಳಗ ಕಮಾನು ಒಂದನ್ನೊಂದು ಕತ್ತರಿಸಿ ಹೊತ್ತಾವ. ಇದು ಹೆಚ್ಚು ಅದು ಕಡಿಮಿ ಅಂತ ನಾ ಹೇಳವಲ್ಲೆ. ಎರಡು ಊರಿನ ಗವಂಡಿಗಳು ಒಂದ ಶತಮಾನದಾಗ ಒಂದ ಪ್ರಶ್ನಿಗೆ ಎರಡು ಉತ್ತರ ಕೊಟ್ಟಾರ. ಆದಿಲ್‌ಶಾಹಿ ಗುಮ್ಮಟ ನಮ್ಮ ಹುಕ್ಕೇರ್‍ಯಾಗೂ ಅದಾವ, ನೀ ದಿನಾ ನೋಡಿದಾಂವ. ಅದಕ್ಕ ಸೇಂಟ್ ಪಾಲ್ ಒಳಗ ನಿನ್ನ ಕಣ್ಣು ಬ್ಯಾರೆಯವರಿಗಿಂತ ಹೆಚ್ಚು ಕಾಣತೈತಿ.

— ಅಲ್ಲಿಂದ ಕ್ವಾಟಿಗೆ?

— ನಡುವ ಲೆಡನ್‌ಹಾಲ್ ಬೀದಿ ಹಾದು ಹೋಗು. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿ ಇತ್ತು. ಕಿತ್ತೂರಿನ ಕಾಗದ, ಶ್ರೀರಂಗಪಟ್ಟಣದ ಕಾಗದ ಎಲ್ಲಾ ಆ ಕಟ್ಟಡಕ್ಕ ಬರತಿದ್ದವು. 1861ರಾಗ ಕೆಡವಿದರು. ಈಗ ಆ ಜಾಗಾದಾಗ ವಿಮಾ ವ್ಯಾಪಾರದ ಲಾಯ್ಡ್ಸ್ ಕಟ್ಟಡ, ಉಕ್ಕಿನ ಕೊಳವಿ ಎಲ್ಲಾ ಹೊರಗ ಕಾಣೂವಂಥದ್ದು. ಕಂಪನಿ ಗುರುತು ಏನೂ ಉಳದಿಲ್ಲ. ನಮ್ಮನ್ನ ಆಳಿದ ಬಾಗಿಲು ಇದ ಅಂತ ತಿಳಕೊಂಡು ನಾಕು ನಿಮಿಷ ನಿಂತರ ಸಾಕು.

— ಊಟದ ಚಿಂತಿ ದೊಡ್ಡದ್ರಿ. ನಮ್ಮಾಕಿ ಎರಡು ಕಿಲೋ ಕುಂದಾ ಒಯ್ಯತೀನಿ ಅಂತಾಳ, ಮಗಳ ಗೆಳತ್ಯಾರಿಗೆ.

— ಕುಂದಾ ಬ್ಯಾಡ. ಹಾಲು, ಹಾಲಿನ ಪದಾರ್ಥ, ಮಾಂಸ ನಮ್ಮ ದೇಶದಿಂದ ಒಯ್ಯಾಕ ಅಲ್ಲಿ ಬಂದಿ ಐತಿ, ವಿಮಾನ ನಿಲ್ದಾಣದಾಗ ತಗೋತಾರ. ಕಟಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಳ್ರಿ. ಬಿಸಿ ಊಟ ಬೇಕಂದ್ರ ಯೂಸ್ಟನ್ ರೈಲ್ ಸ್ಟೇಶನ್ ಹಿಂದ ಡ್ರಮಂಡ್ ಬೀದಿ, ಶಾಕಾಹಾರಿ ಖಾನಾವಳಿ ಅದಾವ. ಬಸ್ಸು, ರೈಲಿಗೆ ಟಿಕೀಟು ತಗೋಬೇಕಾಗಿಲ್ಲ, ಬ್ಯಾಂಕ್ ಕಾರ್ಡು ಮುಟ್ಟಿಸಿದರ ಸಾಕು. ನೆನಪಿಡು, ಒಂದು ಕಾರ್ಡಿನ ಮ್ಯಾಲೆ ಇಬ್ಬರು ಹೋಗಾಕ ಬರೂದಿಲ್ಲ, ಇಬ್ಬರಿಗೂ ಬ್ಯಾರೆ ಬ್ಯಾರೆ ಬೇಕು. ಬಸ್ಸಿಗಾದರ ಒಂದು ತಾಸಿನೊಳಗ ಎಷ್ಟು ಬಸ್ಸು ಬದಲಿಸಿದರೂ ಒಂದ ರೊಕ್ಕಾ.

— ಇನ್ನ ರವಿವಾರ ಉಳೀತು.

— ರವಿವಾರ ಮುಂಜಾನೆ ಚಾಕ್ ಫಾರ್ಮ್ ಸ್ಟೇಶನ್ನಿಗೆ ಇಳದು ಕಿಂಗ್ ಹೆನ್ರಿ ರಸ್ತೆಗೆ ಹೋಗು. ಹತ್ತನೇ ನಂಬರಿನ ಮನಿ. 1921–22ರಾಗ ಅಂಬೇಡ್ಕರರು ಓದೂವಾಗ ಅಲ್ಲಿದ್ದರು. ಮಹಾರಾಷ್ಟ್ರ ಸರಕಾರ ಕೊಂಡು ಸ್ಮಾರಕ ಮಾಡೇತಿ. ಅದರ ಉದ್ಘಾಟನೀನೂ 2015ರ ನವೆಂಬರ್ 14ಕ್ಕ, ಬಸವಣ್ಣನ ಮೂರ್ತಿ ತೆರೆದ ದಿನಾನ ಆತು. ತೆರಿಯೂ ಹೊತ್ತು ಮುಂಚೆ ಕೇಳಿಕೊಂಡು ಹೋಗು.

— ಅದ ದಿನ? ಇದು ನನಗ ಗೊತ್ತಿದ್ದಿಲ್ಲ.

— ಭಾಳ ಮಂದಿಗೆ ಗೊತ್ತಿಲ್ಲ. ಎಳಿ ಇನ್ನೂ ಹತ್ತಿರ ಐತಿ ನೋಡು. 1920ರ ಮಾರ್ಚ್‌ದಾಗ ಮಾಣಗಾಂವ ಪರಿಷತ್ತಿನ್ಯಾಗ ಕೊಲ್ಲಾಪುರದ ಶಾಹೂ ಮಹಾರಾಜರು ಇವರ ನಿಮ್ಮ ಮುಂದಾಳು ಅಂತ ಮಂದಿಗೆ ಅಂಬೇಡ್ಕರರನ್ನ ತೋರಿಸಿದರು. ಲಂಡನ್ನಿನ ಓದಿಗೆ ರೊಕ್ಕದ ನೆರವೂ ಕೊಟ್ಟರು. ಅದ ವರ್ಷ ಬಾಬಾಸಾಹೇಬರು ಲಂಡನ್ನಿಗೆ ಹೋದರು. ಓದು ಮುಗಿಸಿ ತಿರುಗಿ ಬಂದ ಮ್ಯಾಲೆ 1925ರಾಗ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದರು. ಮಾಣಗಾಂವ, ನಿಪ್ಪಾಣಿ ಎಲ್ಲಾ ನಮ್ಮ ಈ ಹೆದ್ದಾರಿ ಆಸುಪಾಸಿನ ಊರು. ನಮ್ಮ ನೆಲದ ಮಂದಿ ಕಳಿಸಿದ ಓದು ಆ ಮನ್ಯಾಗ ನಡೀತು. ಅಲ್ಲಿಂದ ಪ್ರಿಮ್‌ರೋಜ್ ಗುಡ್ಡ ಹತ್ತಿದರ ಪೂರ್ತಿ ಊರು ಕಾಣತೈತಿ, ಟಿಕೀಟಿಲ್ಲ. ಮಧ್ಯಾಹ್ನ ಡ್ರಮಂಡ್ ಬೀದ್ಯಾಗ ಉಂಡು, ಬ್ರಿಟಿಷ್ ಮ್ಯೂಜಿಯಂಕ್ಕ ನಡಿ. ಅದೂ ಪುಕ್ಕಟೆ. ಅಂಗಳದ ನಟ್ಟನಡುವ ದುಂಡನೆಯ ಓದೂ ಕೋಣಿ ಐತಿ. ಬಾಬಾಸಾಹೇಬರು ಮುಂಜಾನೆ ಬಾಗಿಲು ತೆರದಾಗ ಹೋಗಿ ಮುಚ್ಚೂತನಕ ಓದಿದ್ದು ಅಲ್ಲೇ. ಉಳದ ಹೊತ್ತಿನ್ಯಾಗ ಅಮರಾವತಿಯ ಶಿಲ್ಪದ ಕೋಣಿ ಒಂದ ನೋಡು. ಉಳದ ಕೋಣಿ ಬಿಡು.

— ಏಜೆಂಟ್ ರವಿವಾರ ಅಬೆ, ಸೇಂಟ್ ಪಾಲ್ ಎರಡೂ ಹಾಕ್ಯಾನಲ್ರಿ.

— ರವಿವಾರ ಎರಡೂ ಕಡೆ ಪ್ರಾರ್ಥನಿಗೆ ಮಾತ್ರ ಬಿಡತಾರ, ನೋಡೂ ಮಂದಿಗೆ ಬಿಡೂದಿಲ್ಲ. ಅದಕ್ಕ ಶುಕ್ರವಾರ, ಶನಿವಾರಕ್ಕ ಹೇಳಿದೆ. ಅಬೆ ಟಿಕೀಟು ಇಂದ ರಾತ್ರಿ ಮೊಬೈಲಿನ್ಯಾಗ ತಗೋ. ಇನ್ನೊಂದು ಕೆಲಸ ಐತಿ. ನೀ ಕಿತ್ತೂರಿಗೆ ಯಾವಾಗ ಹೋಗಿದ್ದಿ?

— ಸಾಲಿ ಪ್ರವಾಸದಾಗ, ನೀವ ಕರಕೊಂಡು ಹೋಗಿದ್ರಿ.

— ಹಂಗಾರ ಬರೂ ರವಿವಾರ ಇಬ್ಬರೂ ಹೋಗಿ ಬರ್ರಿ. ಅದ ಹೆದ್ದಾರಿ, ಬೆಳಗಾವಿ ದಾಟಿ ಧಾರವಾಡದ ಕಡೆ. ಅರಮನಿಯ ಗ್ವಾಡಿ, ನೀರಿನ ಕೊಳವಿ, ಕ್ವಾಟಿ ಬಾಗಿಲಿನ ಜಾಗಾ ನೋಡ್ರಿ, ಒಳಗಿನ ವಸ್ತುಸಂಗ್ರಹಾಲಯ ನೋಡ್ರಿ. ಥ್ಯಾಕರೆ ಬಿದ್ದ ನೆಲ ನೋಡಿ ಆಮ್ಯಾಲೆ ಅಬೆಗೆ ಹೋಗು.